ಭದ್ರಾವತಿಗೆ ಸೋಲಲು ಹೋದ ಭಾನುವಾರ

ಆ ಭಾನುವಾರ ಬೆಳಿಗ್ಗೆಯೂ ನಾನು ಎಂದಿನಂತೆಯೇ ಎದ್ದೆ. ಬಾಗಿಲಿಗೆ ನೀರು ಹಾಕಿ ರಂಗೋಲಿ ಬಿಟ್ಟೆ. ಹಾಲು ಕಾಯಲಿಟ್ಟು, ದಾಸವಾಳದ ಗಿಡದಲ್ಲಿ ದೇವರಿಗೆಂದು ಒಂದಿಷ್ಟು ಹೂ ಕಿತ್ತು, ಗಿಡಕ್ಕೆ ಬೇಜಾರಾಗದಿರಲಿ ಎಂದು ಒಂದಿಷ್ಟು ಬಿಟ್ಟೆ. ಅತ್ತೆಗೆ ಕಾಫಿ ಕೊಟ್ಟೆ. ದೋಸೆ ಹಿಟ್ಟು ಚೆನ್ನಾಗಿ ಉಬ್ಬಿತ್ತು. ಇಷ್ಟೂ ಮಾಮೂಲು. ಮಾಮೂಲಲ್ಲದ್ದು ಒಂದೇ: ನಾನು ಹಾಡು ಗುನುಗುತ್ತಿದ್ದೆ.

"ಏನು ಸುಮಾ, ಇವತ್ತು ಖುಷಿ ಜಾಸ್ತಿ ಆಗಿದೆ" ಎಂದರು ಅತ್ತೆ.

"ಇವತ್ತು ಅದು ಹೋಗುತ್ತಲ್ಲ ಅತ್ತೆ" ಎಂದೆ.

ಅತ್ತೆ ಲೋಟ ಕೆಳಗಿಟ್ಟು ಊಟದ ಮೇಜಿನ ಕಡೆ ನೋಡಿ ಕೈ ಮುಗಿದರು.

ವಿಷಯವೇನೆಂದರೆ, ನಮ್ಮ ಮನೆಯ ಊಟದ ಮೇಜಿನ ಮೇಲೆ ಒಂದು ರಣರಂಗವಿದೆ. ಅಲಂಕಾರಕ್ಕೆ ಹೇಳಿದ ಮಾತಲ್ಲ. ಮೇಜಿಗಿಂತ ದೊಡ್ಡದಾದ ಒಂದು ಪ್ಲೈವುಡ್ ಹಲಗೆ. ಅದರ ಮೇಲೆ ಹಸಿರು ಬಣ್ಣ, ಥರ್ಮಾಕೋಲಿನ ಗುಡ್ಡಗಳು, ನೀಲಿ ಬಣ್ಣದ ಹೊಳೆ, ಹೊಳೆಗೆ ಒಂದೇ ಒಂದು ಸೇತುವೆ, ಪಾತ್ರೆ ಉಜ್ಜುವ ಸ್ಪಂಜಿನಲ್ಲಿ ಮಾಡಿದ ಮರಗಳು. ಸ್ಪಂಜು ನನ್ನದು. ಇವುಗಳ ನಡುವೆ ಬೆಂಕಿಪೊಟ್ಟಣದಷ್ಟು ಗಾತ್ರದ ಯುದ್ಧ ಟ್ಯಾಂಕುಗಳು. ನಮ್ಮ ಯಜಮಾನರು ವಾರವಿಡೀ ಸರ್ಕಾರಿ ಕಚೇರಿಯೊಂದರಲ್ಲಿ ಎಂಜಿನಿಯರ್. ಕೊತ್ತಂಬರಿ ಸೊಪ್ಪು ಒಂದು ಕಟ್ಟು ತರಲೋ ಎರಡೋ ಎಂದು ಸಂತೆಯಿಂದ ಫೋನ್ ಮಾಡಿ ಕೇಳುವ ಸಾತ್ವಿಕ. ಭಾನುವಾರ ಬಂತೆಂದರೆ ಜನರಲ್. ನವುಲೆಯ ಮಂಜಣ್ಣ ಅವರ ಜೊತೆಗಾರ. ಇಬ್ಬರೂ ಮೊಣಕಾಲೂರಿ, ಮೇಜಿನ ಅಂಚಿಗೆ ಗಲ್ಲ ತಾಗಿಸಿ, ಒಂದು ಕಣ್ಣು ಮುಚ್ಚಿ, ಟ್ಯಾಂಕಿಗೆ ಟ್ಯಾಂಕು ಕಾಣುತ್ತದೋ ಇಲ್ಲವೋ ಎಂದು ನೋಡುವುದನ್ನು ಮೊದಲ ಸಲ ಕಂಡಾಗ ನಾನು ಇವರದೇನೋ ಕೆಳಗೆ ಬಿದ್ದುಹೋಗಿದೆ ಎಂದು ಪೊರಕೆ ತಂದಿದ್ದೆ.

ವರ್ಷಕ್ಕೊಮ್ಮೆ ಶಿವಮೊಗ್ಗಕ್ಕೂ ಭದ್ರಾವತಿಗೂ ಪಂದ್ಯ. ಭದ್ರಾವತಿಯ ಕಡೆ ಸೆಲ್ವಂ ಮತ್ತು ಅವರ ಭಾವಮೈದ ಕುಮಾರ. ಪಂದ್ಯದ ಗೌರವ ಏನೆಂದರೆ, ಗೆದ್ದವರು ಮುಂದಿನ ಪಂದ್ಯದವರೆಗೆ ಆ ಹಲಗೆಯನ್ನು ತಮ್ಮ ಮನೆಯಲ್ಲಿ ಇಟ್ಟುಕೊಳ್ಳಬೇಕು. ಈ ನಿಯಮ ಮಾಡಿದವರು ಗಂಡಸರು. ಹಲಗೆಯ ಧೂಳು ಹೊಡೆಯುವವರು ಅವರಲ್ಲ.

ಹೋದ ಸಲ ಗೆದ್ದವರು ನಮ್ಮವರು. ಅಂದಿನಿಂದ ನಾವು ಮೂವರು ಮೂರು ದಿಕ್ಕಿಗೆ ಕೂತು ಉಣ್ಣುತ್ತಿದ್ದೇವೆ. ಯಜಮಾನರು ಸೋಫಾದಲ್ಲಿ ಟಿ.ವಿ.ಯ ಕಡೆ ಮುಖ ಮಾಡಿ. ನಾನು ಅಡುಗೆಮನೆಯ ಕಟ್ಟೆಯ ಪಕ್ಕ ನಿಂತುಕೊಂಡು. ಅತ್ತೆಗೆ ಮಂಡಿ ಆಪರೇಷನ್ ಆಗಿರುವುದರಿಂದ ನೆಲಕ್ಕೆ ಕೂರುವಂತಿಲ್ಲ. ಅವರು ಕುರ್ಚಿಯಲ್ಲಿ ಕೂತು, ಮುಂದೆ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ತಟ್ಟೆಯಿಟ್ಟು, ಪ್ರತಿ ತುತ್ತಿಗೂ ನಮಸ್ಕಾರ ಮಾಡಿದಂತೆ ಬಗ್ಗಿ ಏಳುತ್ತಾರೆ. ಒಮ್ಮೆ ಸಾರಿನ ಬಟ್ಟಲು ಮಡಿಲಿಗೆ ಮಗುಚಿತು. ಅತ್ತೆ ಸೀರೆ ಬದಲಾಯಿಸಿ ಬಂದು, "ಮುಂಚೆ ಈ ಮೇಜಿನ ಸುತ್ತ ಕೂತು ಎಷ್ಟು ಚೆನ್ನಾಗಿ ಜಗಳ ಆಡ್ತಿದ್ವಿ" ಎಂದರು, ಅಷ್ಟೇ. ನನಗೆ ಅಂದು ಅನ್ನ ಇಳಿಯಲಿಲ್ಲ.

ಹಾಗಾಗಿ ಆ ಭಾನುವಾರದ ಪಂದ್ಯಕ್ಕೆ ನಾನೂ ಅತ್ತೆಯೂ ಕಾದಿದ್ದೆವು. ಈ ಸಲ ಭದ್ರಾವತಿಯವರು ಭಾರಿ ತಯಾರಿ ಮಾಡಿದ್ದಾರಂತೆ ಎಂದು ಯಜಮಾನರೇ ನಿದ್ದೆಗೆಟ್ಟು ಹೇಳಿದ್ದರು. ನಮಗೆ ಇನ್ನೇನು ಬೇಕು?

ಎರಡನೇ ದೋಸೆ ಮಗುಚಿ ಹಾಕುವಾಗ ಫೋನ್ ಬಂತು. ಮಂಜಣ್ಣ ಗ್ಯಾಸ್ ಸಿಲಿಂಡರ್ ಎತ್ತಲು ಹೋಗಿ ಸೊಂಟ ಹಿಡಿಸಿಕೊಂಡಿದ್ದರು.

"ಮುಗೀತು" ಎಂದರು ಯಜಮಾನರು. "ಒಂದು ಕಡೆಗೆ ಇಬ್ಬರು ಇರ್ಲೇಬೇಕು. ಪಂದ್ಯ ಮುಂದಕ್ಕೆ ಹಾಕೋದೇ."

"ಎಷ್ಟು ಮುಂದಕ್ಕೆ?" ಎಂದು ಕೇಳಿದೆ.

"ಅವನ ಸೊಂಟ ಸರಿಯಾಗೋವರೆಗೆ. ಅಲ್ಲೀವರೆಗೆ ಬೋರ್ಡ್ ಇಲ್ಲೇ."

ಅತ್ತೆ ನನ್ನ ಮುಖ ನೋಡಿದರು. ನಾನು ಕಾವಲಿಯ ಮೇಲಿನ ದೋಸೆ ನೋಡಿದೆ. ಮಂಜಣ್ಣನ ಸೊಂಟದ ಮೇಲೆ ನನಗೆ ಯಾವ ಭರವಸೆಯೂ ಇರಲಿಲ್ಲ. ಆಗ ನನ್ನ ತಲೆಯಲ್ಲಿ ಒಂದು ದೀಪ ಹತ್ತಿತು. ನಮ್ಮ ಕಡೆ ಇಬ್ಬರಿರಬೇಕು. ನಮ್ಮ ಕಡೆ ಸೋಲಬೇಕು. ಈ ಎರಡು ಕೆಲಸಕ್ಕೂ ಇಡೀ ಶಿವಮೊಗ್ಗದಲ್ಲಿ ನನಗಿಂತ ಯೋಗ್ಯರು ಯಾರಿದ್ದಾರೆ?

"ನಾನೇ ಬರ್ತೀನಿ ರೀ" ಎಂದೆ.

ಯಜಮಾನರ ಕಣ್ಣು ತುಂಬಿ ಬಂತು. ಮದುವೆಯಾದಾಗಿನಿಂದ ಅವರು ನನ್ನನ್ನು ಅಷ್ಟು ಅಭಿಮಾನದಿಂದ ನೋಡಿದ್ದಿಲ್ಲ. ನನಗೆ ಸ್ವಲ್ಪ ನಾಚಿಕೆಯಾಯಿತು. ದೋಸೆಯೂ ಸೀದಿತು.

ಹಲಗೆಯನ್ನು ಗೂಡ್ಸ್ ಆಟೋಗೆ ಏರಿಸಿದ್ದೇ ತಡ, ನಾನು ಮೇಜನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ಒಣ ಬಟ್ಟೆಯಲ್ಲಿ ಒರೆಸಿ, ಇಸ್ತ್ರಿ ಮಾಡಿಟ್ಟಿದ್ದ ಕಸೂತಿಯ ಹೊದಿಕೆ ಹಾಸಿದೆ. ರಾತ್ರಿಯ ಊಟಕ್ಕೆಂದು ಆಗಲೇ ಮೂರು ತಟ್ಟೆ ಮಗುಚಿಟ್ಟೆ. ನಡುವೆ ಉಪ್ಪಿನಕಾಯಿ ಜಾಡಿ. ಪಕ್ಕದ ಮನೆಯ ಗಿರಿಜಕ್ಕ ಕರಿಬೇವಿಗೆಂದು ಬಂದವರು ಬಾಗಿಲಲ್ಲೇ ನಿಂತು ಮೇಜಿನ ಕಡೆ ಒಂದು ಸಲ ನೋಡಿ, ಏನೋ ಹೇಳಲು ಹೊರಟು, ಕುಕ್ಕರ್ ಕೂಗಿತೆಂದು ಓಡಿದರು.

ಹೊರಡುವಾಗ ಅತ್ತೆ ನನ್ನ ತಲೆಯ ಮೇಲೆ ಕೈಯಿಟ್ಟರು. ಮಗನಿಗೆ ಕೇಳಿಸದಂತೆ, "ಸೋತು ಬಾ ತಾಯಿ" ಎಂದರು. ಇಂಥ ಆಶೀರ್ವಾದ ಪಡೆದು ಯುದ್ಧಕ್ಕೆ ಹೊರಟವಳು ನಾನೊಬ್ಬಳೇ ಇರಬೇಕು.

ದಾರಿಯುದ್ದಕ್ಕೂ ಯಜಮಾನರು ಕಾರು ಓಡಿಸುತ್ತ ಪಾಠ ಮಾಡಿದರು. "ನೋಡು, ಗುಡ್ಡದ ತುದೀಲಿ ಟ್ಯಾಂಕ್ ನಿಲ್ಲಿಸಬೇಡ. ಗುಡ್ಡದ ಹಿಂದೆ ನಿಲ್ಲಿಸಿ ತಲೆ ಮಾತ್ರ ತೋರಿಸು. ಮುಂದಿನ ಉಕ್ಕು ದಪ್ಪ, ಪಕ್ಕದ್ದು ತೆಳು, ಹಿಂದಿನದು ಹಪ್ಪಳ. ಹಿಂದೆ ಸರಿಯುವಾಗಲೂ ಮುಖ ಶತ್ರು ಕಡೆಗೇ ಇರ್ಬೇಕು. ಎಲ್ಲಾ ಟ್ಯಾಂಕನ್ನೂ ಒಟ್ಟಿಗೆ ರಸ್ತೇಲಿ ಓಡಿಸಬೇಡ. ಒಂದು ಓಡುವಾಗ ಇನ್ನೊಂದು ನಿಂತು ಕಾಯ್ಬೇಕು. ಕೊನೆಗೆ ಸೇತುವೆ ಮೇಲೋ ಸೇತುವೆಗೆ ತಾಗಿಯೋ ಯಾರ ಗಾಡಿ ಇರುತ್ತೋ ಅವರು ಗೆದ್ದ ಹಾಗೆ."

"ಹೂಂ" ಎಂದೆ. ಇವೆಲ್ಲ ನನಗೆ ಮೊದಲೇ ಗೊತ್ತಿತ್ತು. ಭಾನುವಾರಗಳಲ್ಲಿ ಕಾಫಿ ತಂದಿಟ್ಟು ಲೋಟ ಒಯ್ಯುವವಳ ಕಿವಿಗೆ ಎಲ್ಲ ಬೀಳುತ್ತದೆ. ಕಾನ್ವೆಂಟಿನಲ್ಲಿ ಸಿಸ್ಟರ್ ಹೇಳಿದ್ದನ್ನು ಅಕ್ಷರಕ್ಕೆ ಅಕ್ಷರ ಪಾಲಿಸಿ ಬೆಳೆದವಳು ನಾನು. ಹೇಳಿದ್ದಕ್ಕೆಲ್ಲ ಅಕ್ಷರಕ್ಕೆ ಅಕ್ಷರ ಉಲ್ಟಾ ಮಾಡುವುದು ಇದೇ ಮೊದಲು. ಸೋಲುವುದಕ್ಕೆ ಅಂಥ ವಿದ್ಯೆಯೇನು ಬೇಕು?

ಮಲವಗೊಪ್ಪದ ಹತ್ತಿರ ಒಂದು ಹಂಪ್ ಬಂತು. ಮುಂದಿದ್ದ ಗೂಡ್ಸ್ ಆಟೋ ಹಾರಿತು. ಅದರೊಳಗಿನ ಹಲಗೆಯೂ ಹಾರಿತು. ಸೇತುವೆಯ ಬುಡದಲ್ಲಿದ್ದ ದೊಡ್ಡ ಸ್ಪಂಜಿನ ಮರ ಕಿತ್ತುಬಂತು.

ಸೆಲ್ವಂ ಅವರ ಮನೆಯ ಮುಂಭಾಗದಲ್ಲಿ ಮೋಟಾರ್ ರಿವೈಂಡಿಂಗ್ ಅಂಗಡಿ, ಹಿಂದೆ ಮನೆ. ಅವರ ಹೆಂಡತಿ ಶಾಂತಿ ನನ್ನನ್ನು ಕಂಡು, "ಅಕ್ಕಾ, ನೀವೂ ಆಡ್ತೀರಾ?" ಎಂದು ಕೈ ಹಿಡಿದುಕೊಂಡಳು. ಆ ಹಿಡಿತದಲ್ಲಿ ಏನೋ ವಿಶೇಷವಾದ ಆನಂದವಿತ್ತು. ನನಗೆ ಆಗ ತಿಳಿಯಲಿಲ್ಲ.

"ಮೊದಲು ಒಂದು ಅಗುಳು ಅನ್ನ ಕೊಡು ಶಾಂತಿ" ಎಂದೆ.

ಬಿಸಿ ಅನ್ನದ ಅಗುಳನ್ನು ಬೆರಳಲ್ಲಿ ನುರಿದು, ಕಿತ್ತುಬಂದಿದ್ದ ಮರವನ್ನು ಮತ್ತೆ ಸೇತುವೆಯ ಬುಡಕ್ಕೆ ಅಂಟಿಸಿದೆ. ಗಾಳಿಪಟಕ್ಕೆ, ಲಗ್ನಪತ್ರಿಕೆಯ ಲಕೋಟೆಗೆ, ಹರಿದ ಪುಸ್ತಕಕ್ಕೆ, ನಮ್ಮಮ್ಮನ ಕಾಲದಿಂದಲೂ ನಮ್ಮ ಮನೆಯಲ್ಲಿ ಇದೇ ಗೋಂದು. ಯಜಮಾನರು ಮೆಚ್ಚಿದರು. ಈ ಅಗುಳನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ. ನಾನಂತೂ ಮರೆಯುವುದಿಲ್ಲ.

ಪಂದ್ಯ ಶುರುವಾಯಿತು. ಹಲಗೆಯ ಎಡ ಅರ್ಧದಲ್ಲಿ ಯಜಮಾನರಿಗೂ ಕುಮಾರನಿಗೂ ಯುದ್ಧ. ಸೇತುವೆಯಿದ್ದ ಬಲ ಅರ್ಧದಲ್ಲಿ ನನಗೂ ಸೆಲ್ವಂಗೂ.

ಗುಡ್ಡದ ತುದಿಯಲ್ಲಿ ನಿಲ್ಲಿಸಬೇಡ ಎಂದಿದ್ದರಲ್ಲವೇ? ನಾನು ನನ್ನ ಎಲ್ಲ ಟ್ಯಾಂಕುಗಳನ್ನೂ ಗುಡ್ಡದ ತುದಿಗೇ ಏರಿಸಿದೆ. ಸುಮ್ಮನೆ ಏರಿಸಲಿಲ್ಲ. ಕೈ ಕೇಳಬೇಕಲ್ಲ, ದಸರೆಗೆ ಗೊಂಬೆ ಕೂರಿಸುವ ಹಾಗೆ ಕೂರಿಸಿದೆ. ದೊಡ್ಡವು ಮೇಲಿನ ಸಾಲಿನಲ್ಲಿ, ಮಧ್ಯದವು ಮಧ್ಯಕ್ಕೆ, ಸಣ್ಣವು ಕೆಳಗೆ. ಎಡಕ್ಕೆ ಎಷ್ಟೋ ಬಲಕ್ಕೂ ಅಷ್ಟೇ. ಕೊನೆಗೆ ಒಂದು ಪುಟ್ಟ ಜೀಪು ಉಳಿಯಿತು. ಎಲ್ಲಿಟ್ಟರೂ ಸಾಲು ಕೆಡುತ್ತಿತ್ತು.

"ಇದನ್ನೇನು ಮಾಡ್ಲಿ ರೀ?"

"ಅದು ಮುಂದೆ ಹೋಗಿ ನೋಡ್ಕೊಂಡು ಬರೋ ಗಾಡಿ. ಹೊಳೆ ಈಚೆ ಎಲ್ಲಿ ಬೇಕಾದರೂ ಇಡು" ಎಂದರು ಯಜಮಾನರು, ನನ್ನ ಗುಡ್ಡದ ಕಡೆ ನೋಡದೆ. ಮೆಟ್ಟಿಲಿನ ಕೆಳಗೆ ಮೂಲೆಯಲ್ಲಿ ಶೆಟ್ಟಿ ಗೊಂಬೆ ಇಡುವುದಿಲ್ಲವೇ, ಹಾಗೆ ಅದನ್ನು ಸೇತುವೆಯ ಬುಡದಲ್ಲಿ, ನಾನೇ ಅಂಟಿಸಿದ ಮರದಡಿಗೆ ತಳ್ಳಿ, ಮರೆತೆ.

ಸೆಲ್ವಂ ನನ್ನ ಗುಡ್ಡವನ್ನು ಬಹಳ ಹೊತ್ತು ನೋಡಿದರು. ಕಿವಿಯ ಹಿಂದೆ ಕೆರೆದುಕೊಂಡರು.

"ಇಲ್ಲಿಂದ ಹೊಡೆದ್ರೆ ಸುಲಭ ಅಲ್ವಾ?" ಎಂದು ನಾನೇ ನೆನಪಿಸಿದೆ.

"ಬೇಡಕ್ಕಾ" ಎಂದರು ಅವರು. "ಇದ್ರಲ್ಲಿ ಏನೋ ಪ್ಲಾನ್ ಇದೆ."

"ಏನೂ ಇಲ್ಲ. ದೇವರಾಣೆ."

"ನೋಡಿ, ದೇವರಾಣೆ ಅಂತಿದೀರಿ. ಖಂಡಿತ ಇದೆ."

ಅವರು ಹೊಡೆಯಲಿಲ್ಲ. ನಾನು ಎರಡನೇ ಪಾಠಕ್ಕೆ ಬಂದೆ. ಎಲ್ಲ ಟ್ಯಾಂಕುಗಳನ್ನೂ ತಿರುಗಿಸಿ ಅವುಗಳ ಹಪ್ಪಳದ ಬೆನ್ನನ್ನು ಅವರ ಕಡೆಗಿಟ್ಟೆ. ದೊಡ್ಡವರಿಗೆ ಬೆನ್ನು ಹಾಕಿ ಕೂರಬಾರದೆಂದು ಕಲಿತು ಬೆಳೆದ ನಾನು ಮನಸ್ಸಿನಲ್ಲೇ ಅವರ ಕ್ಷಮೆ ಕೇಳಿಕೊಂಡೆ. ಸೆಲ್ವಂ ಈ ಸಲ ಹೊಡೆದರು. ಆದರೆ ಅತಿ ದೂರದಲ್ಲಿದ್ದ, ಅತಿ ಸಣ್ಣ ಫಿರಂಗಿಯಿಂದ. ಗುಂಡು ತಾಗುತ್ತದೋ ಇಲ್ಲವೋ ಹೇಳುವ ದಾಳ ಉರುಳಿತು, ಗುಂಡು ಎಲ್ಲೋ ಹೋಯಿತು. ಅವರು ನಿಟ್ಟುಸಿರು ಬಿಟ್ಟರು. ಪಾಪ, ಬೇಜಾರಾಗಿರಬೇಕು ಎಂದುಕೊಂಡೆ.

ಮೂರನೇ ಪಾಠ. ನನ್ನ ಎಲ್ಲ ಟ್ಯಾಂಕುಗಳೂ ಮದುವೆ ದಿಬ್ಬಣದ ಹಾಗೆ ಒಂದರ ಹಿಂದೊಂದು ರಸ್ತೆಯಲ್ಲಿ ಹೊರಟವು. ಇಂಥ ದಿಬ್ಬಣಕ್ಕೆಂದೇ ಸೇತುವೆಯಾಚೆಯ ಮನೆಗಳ ಹಿಂದೆ ಸೆಲ್ವಂ ಒಂದು ದೊಡ್ಡ ಟ್ಯಾಂಕನ್ನು ಅಡಗಿಸಿಟ್ಟಿದ್ದರು. ಅದು ಒಂದು ಗುಂಡು ಹಾರಿಸಿದರೆ ಸಾಕಿತ್ತು. ಅವರು ಅದನ್ನು ಹೊರಗೆಳೆದು ನೇರವಾಗಿ ಹೊಳೆದಂಡೆಯ ಜೌಗಿಗೆ ಇಳಿಸಿದರು. ಅದು ಹೂತುಹೋಯಿತು.

"ಅಯ್ಯೋ, ಜೌಗು ಇರೋದು ನೋಡ್ಲೇ ಇಲ್ಲ" ಎಂದರು.

ಆ ಜೌಗಿಗೆ ಬಣ್ಣ ಹಚ್ಚಿದವರು ಅವರೇ. ನಾನು ಆಗಲಾದರೂ ಎಚ್ಚೆತ್ತುಕೊಳ್ಳಬೇಕಿತ್ತು. ಬದಲಿಗೆ ಕನಿಕರಪಟ್ಟೆ. "ಬೇಕಾದ್ರೆ ಮೇಲೆತ್ತಿ ಇಟ್ಕೊಳ್ಳಿ, ನಾನು ನೋಡಿಲ್ಲ ಅಂದ್ಕೋತೀನಿ" ಎಂದೆ.

"ಇಲ್ಲಕ್ಕಾ, ರೂಲ್ಸು ರೂಲ್ಸೇ" ಎಂದರು ಅವರು, ನನ್ನ ಮಾತು ಮುಗಿಯುವ ಮೊದಲೇ.

ಈಗ ಸೇತುವೆಯ ಈಚೆ ನನ್ನ ಟ್ಯಾಂಕು, ಆಚೆ ಅವರ ಇನ್ನೊಂದು ಟ್ಯಾಂಕು. ಒಂದು ಗಾಡಿಗೆ ಮಾತ್ರ ಜಾಗ.

"ಬನ್ನಿ ಅಕ್ಕಾ" ಎಂದರು ಸೆಲ್ವಂ.

"ನೀವೇ ಬನ್ನಿ, ನಮ್ದೇನು ಅವಸರ."

"ಲೇಡೀಸ್ ಮೊದಲು."

"ನಿಮ್ಮೂರು, ನಿಮ್ಮ ಸೇತುವೆ."

"ಬಂದವರು ಮೊದಲು ಅಕ್ಕಾ."

ಅತ್ತ ಯಜಮಾನರು ತಲೆ ಎತ್ತಿದರು. "ಹತ್ತಿಸೇ ಮಾರಾಯ್ತಿ! ಸೇತುವೆ ಮುಂದೆ ನಿಂತು ಬೀಗರ ಉಪಚಾರ ಮಾಡ್ತಿದೀಯಲ್ಲ!" ಇತ್ತ ಕುಮಾರನೂ, "ಏನ್ ಭಾವಾ, ಗನ್ ಇಟ್ಕೊಂಡು ಸುಮ್ನೆ ನಿಂತಿದೀರಾ?" ಎಂದು ರೇಗಿದ.

ಸಮಯ ಮುಗಿಯುತ್ತ ಬಂದಿತ್ತು. ಇನ್ನು ನಾನೇ ಏನಾದರೂ ಮಾಡಬೇಕು. ಸೋಲುವ ಕಲೆಯಲ್ಲಿ ನನ್ನ ಅತ್ಯುತ್ತಮ ಕೃತಿಯನ್ನು ಆಗ ರಚಿಸಿದೆ. ಟ್ಯಾಂಕನ್ನು ಸೇತುವೆ ದಾಟಿಸಿ ಆಚೆ ದಡಕ್ಕೆ ಒಯ್ದು, ಅವರ ಫಿರಂಗಿಯ ಎದುರಿಗೇ, ತೆಳುವಾದ ಪಕ್ಕ ತೋರಿಸಿ ಅಡ್ಡ ನಿಲ್ಲಿಸಿದೆ. ಇನ್ನು ಹೊಡೆಯದೆ ಇರಲು ಯಾರಿಗೂ ಸಾಧ್ಯವಿರಲಿಲ್ಲ. ಕುಮಾರ ಸೆಲ್ವಂ ಅವರ ಕೈಗೆ ದಾಳ ತುರುಕಿದ. ಅವರು ಕಣ್ಣು ಮುಚ್ಚಿ ಎಸೆದರು. ನನ್ನ ಟ್ಯಾಂಕು ಸುಟ್ಟುಹೋಯಿತು.

ನಾನು ಚಪ್ಪಾಳೆ ತಟ್ಟಿಬಿಟ್ಟೆ. ಕ್ರೀಡಾ ಮನೋಭಾವ ಎಂದು ಎಲ್ಲರೂ ಮೆಚ್ಚಿದರು.

ಆದರೆ ಸುಟ್ಟ ಟ್ಯಾಂಕು ಮಾಯವಾಗುವುದಿಲ್ಲವಂತೆ. ಅಲ್ಲೇ ಬಿದ್ದಿರುತ್ತದಂತೆ. ನನ್ನ ಟ್ಯಾಂಕಿನ ಹೆಣ ಸೇತುವೆಯ ಬಾಯಿಗೆ ಸರಿಯಾಗಿ ಬಿರಡೆ ಹಾಕಿದಂತೆ ಕೂತಿತ್ತು. ಸೆಲ್ವಂ ಕಡೆಯವರು ಇನ್ನು ಬರುವ ಹಾಗಿಲ್ಲ. ಅಷ್ಟರಲ್ಲಿ ಗಂಟೆ ಹೊಡೆಯಿತು.

ಎಲ್ಲರೂ ಬಗ್ಗಿ ನೋಡಿದರು. ಸೇತುವೆ ಖಾಲಿ, ಸುಟ್ಟ ಗಾಡಿ ಲೆಕ್ಕಕ್ಕಿಲ್ಲ.

"ಸಮ" ಎಂದ ಕುಮಾರ. "ಸಮ ಆದ್ರೆ ಬೋರ್ಡ್ ಆಡಿದ ಮನೇಲೇ ಉಳೀಬೇಕು. ಹಾಗೇ ಅಲ್ವಾ ಸಾರ್?"

"ಹಾಗೇ" ಎಂದರು ಯಜಮಾನರು, ಕುಗ್ಗಿದ ದನಿಯಲ್ಲಿ.

ಸೆಲ್ವಂ ಮುಖ ಬಿಳಿಚಿಕೊಂಡಿತು. ನನಗೆ ಅದರ ಕಡೆ ಗಮನವಿಲ್ಲ. ನನ್ನ ಕಣ್ಣ ಮುಂದೆ ಕಸೂತಿಯ ಹೊದಿಕೆ, ಮೂರು ತಟ್ಟೆ, ಬೆನ್ನು ನೇರ ಮಾಡಿ ಕೂತ ಅತ್ತೆ. ಮನಸ್ಸಿನಲ್ಲೇ ಸಾರಿಗೆ ಒಗ್ಗರಣೆ ಕೊಟ್ಟೆ.

ಆಗ ನೋಡಿದೆ. ಸೇತುವೆಯ ಬುಡದ ಮರ ವಾಲಿತ್ತು. ಅನ್ನದ ಅಗುಳು ಒಣಗುತ್ತ ಮರವನ್ನು ಒಂದು ಪಕ್ಕಕ್ಕೆ ಎಳೆದಿತ್ತು. ಗೋಡೆಯ ಮೇಲೆ ಫೋಟೋ ಎಳ್ಳಷ್ಟು ಓರೆಯಾಗಿದ್ದರೂ ಬೇರೆಯವರ ಮನೆಯೆಂದು ನೋಡದೆ ಎದ್ದು ಸರಿಪಡಿಸುವವಳು ನಾನು. ಸಿಸ್ಟರ್ ಕಲಿಸಿದ ಅಭ್ಯಾಸ. ಎರಡು ಬೆರಳಲ್ಲಿ ಮರವನ್ನು ಹಿಡಿದು, ನಯವಾಗಿ, ಮೆಲ್ಲಗೆ, ನೆಟ್ಟಗೆ ಮಾಡಿದೆ.

ಅದರಡಿಯಲ್ಲಿ, ಸೇತುವೆಗೆ ತಾಗಿಕೊಂಡು, ನನ್ನ ಜೀಪು.

ನಾನು ಮರವನ್ನು ಮತ್ತೆ ವಾಲಿಸಲು ನೋಡಿದೆ. ತಡವಾಗಿತ್ತು.

"ಸುಮಾ!" ಎಂದು ಯಜಮಾನರು ಅರಚಿದರು. "ಶುರುವಿನಿಂದಲೂ ಅಲ್ಲೇ ಅಡಗಿಸಿಟ್ಟಿದ್ಯಾ? ಗುಡ್ಡದ ಮೇಲಿನ ಮೆರವಣಿಗೆಯೆಲ್ಲ ಅವರ ಕಣ್ಣು ಅತ್ತ ಸೆಳೆಯೋಕೆ? ಟ್ಯಾಂಕನ್ನೇ ಬಲಿ ಕೊಟ್ಟು ಸೇತುವೆ ಬಾಯಿ ಮುಚ್ಚಿಸಿದ್ಯಾ? ಮಂಜಣ್ಣನಿಗೆ ಇಷ್ಟು ವರ್ಷದಲ್ಲಿ ಇದು ಹೊಳೀಲಿಲ್ಲ ಮಾರಾಯ್ತಿ."

"ಅಲ್ಲ ರೀ, ಅದು ಸಾಲು ಕೆಡುತ್ತೆ ಅಂತ..."

"ವಿನಯ ನೋಡಿ" ಎಂದರು ಅವರು ಎಲ್ಲರಿಗೂ.

ಸೆಲ್ವಂ ನನ್ನೆದುರು ಎದ್ದು ನಿಂತು ಕೈ ಮುಗಿದರು. ಅವರ ಮುಖಕ್ಕೆ ರಕ್ತ ವಾಪಸಾಗಿತ್ತು. "ನೀವು ದೇವತೆ ಅಕ್ಕಾ" ಎಂದರು. ಸೋತ ಮನುಷ್ಯ ಅಷ್ಟು ಮನಸ್ಸು ತುಂಬಿ ಮಾತಾಡಿದ್ದನ್ನು ನಾನು ಕಂಡಿಲ್ಲ.

ಅಡುಗೆಮನೆಯಲ್ಲಿ ಶಾಂತಿ ನನ್ನ ಎಲೆಗೆ ಪಾಯಸವನ್ನು ಎರಡು ಸಲ ಬಡಿಸಿದಳು. ಆಮೇಲೆ ಬಾಗಿಲು ಸ್ವಲ್ಪ ಮುಂದೆ ಮಾಡಿ ಮೆಲ್ಲಗೆ ಹೇಳಿದಳು.

"ಥ್ಯಾಂಕ್ಸ್ ಅಕ್ಕಾ. ನಿಮ್ಮನೆಗೆ ಬರೋ ಮುಂಚೆ ಅದು ಇಲ್ಲೇ ಇತ್ತಲ್ಲ, ವಾಷಿಂಗ್ ಮೆಷಿನ್ ಮೇಲೆ. ವರ್ಷವಿಡೀ ಕೈಯಲ್ಲಿ ಬಟ್ಟೆ ಒಗೆದೀನಿ. ಈ ಸಲ ಖಡಾಖಂಡಿತ ಹೇಳಿದ್ದೆ ಇವರಿಗೆ. ನೀವೇನಾದ್ರೂ ಗೆದ್ರೆ ನಾನು ನಮ್ಮಮ್ಮನ ಮನೆಗೆ ಹೋಗ್ತೀನಿ, ಆ ಹಲಗೆ ಹತ್ರಾನೇ ಅನ್ನ ಬಡಿಸ್ಕೊಳ್ಳಿ ಅಂತ. ಪಾಪ, ತಮ್ಮನಿಗೆ ಗೊತ್ತಾಗ್ದಂಗೆ ಸೋಲೋಕೆ ತುಂಬಾ ಕಷ್ಟ ಪಟ್ರು. ಟ್ಯಾಂಕ್ ತಗೊಂಡು ಜೌಗಿಗೇ ಬಿಟ್ರಂತೆ. ಆದ್ರೂ ನೀವು ಒಪ್ಪಲೇ ಇಲ್ವಂತೆ ಅಕ್ಕಾ, ಮುಂದೆ ಮುಂದೆ ಬಂದು ಗುಂಡಿಗೆ ಎದೆ ಕೊಡ್ತಿದ್ರಂತೆ."

ನಾನು ಪಾಯಸ ಬಿಟ್ಟು ಎಲೆ ಮಡಿಚಿದೆ. ಇಬ್ಬರು ಹೆಂಗಸರು ಒಂದು ಫೋನ್ ಮಾಡಿಕೊಂಡಿದ್ದರೆ ಆ ಹಲಗೆಯನ್ನು ಅರ್ಧ ದಾರಿಯಲ್ಲಿ ತುಂಗಾ ಕಾಲುವೆಗೆ ಬಿಟ್ಟು ಬರಬಹುದಿತ್ತು. ಅದನ್ನು ಬಿಟ್ಟು, ಸೋಲಲೇಬೇಕೆಂದು ಪಣ ತೊಟ್ಟ ಒಬ್ಬ ಅನುಭವಸ್ಥರ ಎದುರು, ಸೋಲುವ ಪಂದ್ಯದಲ್ಲೂ ನಾನು ಸೋತುಬಂದಿದ್ದೆ.

ವಾಪಸು ಬರುವಾಗ ಗೂಡ್ಸ್ ಆಟೋ ಮಲವಗೊಪ್ಪದ ಹಂಪನ್ನು ನಿಧಾನವಾಗಿ ದಾಟಿತು. ಏನೂ ಬೀಳಲಿಲ್ಲ. ಬೀಳಬೇಕಾದಾಗ ಬೀಳುವುದಿಲ್ಲ. ಯಜಮಾನರು ಫೋನಿನಲ್ಲಿ ಮಂಜಣ್ಣನಿಗೆ, "ನೀನು ಆರಾಮಾಗಿ ಮಲಕ್ಕೋ, ಮುಂದಿನ ವರ್ಷವೂ ಸುಮಾನೇ ಆಡ್ತಾಳೆ" ಎನ್ನುತ್ತಿದ್ದರು.

ಸಂಜೆ ಬಾಗಿಲು ತೆರೆದಾಗ ಅತ್ತೆ ಮೇಜಿನ ಮುಂದೆ ಕೂತಿದ್ದರು. ತಲೆ ಬಾಚಿ, ಹೂ ಮುಡಿದು, ಎರಡೂ ಮೊಣಕೈಗಳನ್ನು ಕಸೂತಿಯ ಹೊದಿಕೆಯ ಮೇಲೆ ಊರಿಕೊಂಡು, ಬೆನ್ನು ನೆಟ್ಟಗೆ. ನನ್ನ ಹಿಂದೆ ಹಲಗೆ ಒಳಬರುವುದನ್ನು ಕಂಡರು. ನನ್ನ ಮುಖ ನೋಡಿದರು.

"ಗೆದ್ಯಾ?" ಎಂದರು.

"ಗೆದ್ದುಬಿಟ್ಟೆ ಅತ್ತೆ."

ಅವರು ಬಯ್ಯಲಿಲ್ಲ. ತಮ್ಮ ತಟ್ಟೆಯನ್ನು ತಾವೇ ಎತ್ತಿಕೊಂಡು, ಮೆಲ್ಲಗೆ ಮಂಡಿ ಹಿಡಿದು ಎದ್ದು, ಪ್ಲಾಸ್ಟಿಕ್ ಸ್ಟೂಲಿನ ಕಡೆ ನಡೆದರು. "ಪರವಾಗಿಲ್ಲ ಬಿಡು. ಮಧ್ಯಾಹ್ನ ನಾನೊಬ್ಳೇ ಕೂತು ಇಲ್ಲಿ ಊಟ ಮಾಡಿದೆ. ಒಬ್ಳೇ ಅಂದ್ರೆ ಜಗಳ ಆಡೋಕೂ ಆಗಲ್ಲ" ಎಂದರು.

ನಾನು ಹೊದಿಕೆ ಮಡಿಚಿ ಬೀರುವಿಗೆ ಇಟ್ಟೆ. ಯಜಮಾನರು ಹಲಗೆಯನ್ನು ಮೇಜಿನ ಮೇಲೆ ಕೂರಿಸಿ, ಸುಟ್ಟ ಟ್ಯಾಂಕನ್ನು ಸೇತುವೆಯ ಬಾಯಲ್ಲಿ, ಜೀಪನ್ನು ಮರದಡಿಯಲ್ಲಿ, ಇದ್ದಹಾಗೆಯೇ ಇಟ್ಟರು. ನೆನಪಿಗಂತೆ. ಮುಟ್ಟಬಾರದಂತೆ. ಮರ ಮತ್ತೆ ವಾಲಿತ್ತು. ಈ ಸಲ ನಾನು ಕೈ ಹಿಂದೆ ಕಟ್ಟಿಕೊಂಡೆ.

ಅಷ್ಟರಲ್ಲಿ ಗಿರಿಜಕ್ಕ ಮೊಸರಿಗೆ ಹೆಪ್ಪು ಕೇಳಿಕೊಂಡು ಲೋಟ ಹಿಡಿದು ಬಂದರು. ನಾನು ಲೋಟಕ್ಕೆ ಮೊಸರು ಹಾಕುವಷ್ಟು ಹೊತ್ತು ಬಾಗಿಲಿಗೆ ಒರಗಿ ನಿಂತು, ಮೇಜಿನ ಮೇಲೆ ಒಮ್ಮೆ ಕಣ್ಣಾಡಿಸಿದರು.

"ಓ, ವಾಪಸ್ ಬಂತಾ ಅದು? ಒಳ್ಳೇದಾಯ್ತು ಬಿಡಿ" ಎಂದರು, ಚಪ್ಪಲಿ ಹಾಕಿಕೊಳ್ಳುತ್ತ. "ಬೆಳಿಗ್ಗೆ ಬಂದಾಗ ಟೇಬಲ್ಲು ಯಾಕೋ ಬೋಳು ಬೋಳು ಅನ್ನಿಸ್ತು ನಂಗೆ."